ದುಡ್ಡಿಗೂ ಒಂದು ವೀಸಾ ಕೊಡಿಸಿ

ಡೊಂಬಿವಲಿ, ಕಲ್ಯಾಣದ ನಮ್ಮ ಕನ್ನಡಿಗರಲ್ಲಿ ಈಗ ಎರಡೇ ಪಂಗಡ: ಸಂಬಳ ಇಲ್ಲಿ ಬೀಳುವವರು, ಸಂಬಳ ಅಲ್ಲಿ ಬೀಳುವವರು. ಮೊದಲನೆಯವರು ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಂತು ಸಿಎಸ್‌ಎಂಟಿ ಮುಟ್ಟುತ್ತಾರೆ. ಎರಡನೆಯವರ ಅಪ್ಪ ಅಮ್ಮನಿಗೆ ಯಕ್ಷಗಾನದ ಮೊದಲ ಸಾಲಿನ ಕುರ್ಚಿ ಖಾಲಿಯಿರುತ್ತದೆ. ‘ಮಗ ಶಿಪ್ಪಿನಲ್ಲಿ’ ಎಂದರೆ ಸಾಕು, ಕೇಳದೆಯೇ ಹುಡುಗಿಯರ ಜಾತಕ ಬರುತ್ತದೆ. ಅದರ ಬೆನ್ನಿಗೇ ಘೋಡ್‌ಬಂದರ್ ರಸ್ತೆಯ ಬಿಲ್ಡರನ ಫೋನೂ ಬರುತ್ತದೆ. ನೆರೂಲ್‌ನಲ್ಲಂತೂ ಎನ್‌ಆರ್‌ಐ ಕಾಂಪ್ಲೆಕ್ಸ್ ಎಂದೇ ಕರೆಸಿಕೊಳ್ಳುವ ಬಡಾವಣೆಯಿದೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆ ಹೇಳುವಂತೆ, 2023-24ರಲ್ಲಿ ದೇಶಕ್ಕೆ ಹೊರಗಿನಿಂದ ಬಂದ ಹಣದಲ್ಲಿ ಶೇ. 20.5 ಪಾಲು ಮಹಾರಾಷ್ಟ್ರದ್ದು. ಕೇರಳವೇ ಎರಡನೆಯ ಸ್ಥಾನಕ್ಕೆ ಇಳಿದಿದೆ.

ಇಷ್ಟು ದುಡ್ಡು ಬರುವಾಗ ಸರ್ಕಾರ ಕಣ್ಣು ಮುಚ್ಚಿ ಕೂರುತ್ತದೆಯೇ? ಬೆವರು ಎಲ್ಲಿ ಸುರಿಯಿತು ಎಂದು ಅದು ಕೇಳುವುದಿಲ್ಲ. ಸಂಬಳ ಮೊದಲು ಎಲ್ಲಿ ಬಿತ್ತು ಎಂದು ಕೇಳುತ್ತದೆ. ಅನಿವಾಸಿಯೊಬ್ಬ ಹೊರದೇಶದಲ್ಲಿ ದುಡಿದ ಹಣಕ್ಕೆ ಇಲ್ಲಿ ತೆರಿಗೆಯಿಲ್ಲ; ಆದರೆ ಅದನ್ನು ಮೊದಲು ಭಾರತದಲ್ಲೇ ಪಡೆದುಕೊಂಡರೆ ಇದೆ. ಇದು ಆದಾಯ ತೆರಿಗೆ ಕಾಯ್ದೆಯ 5ನೇ ಕಲಮಿನ ಜಾಣ್ಮೆ. ಅಟ್ಲಾಂಟಿಕ್ ಮಧ್ಯೆ ಎಂಜಿನ್ ರೂಮಿನಲ್ಲಿ ಬೆಂದ ಹುಡುಗನ ಡಾಲರು ನೇರ ವಾಶಿಯಲ್ಲಿ ಅನಿವಾಸಿಗಳ ವಿದೇಶಿ ಗಳಿಕೆಗೆಂದೇ ಇರುವ ಎನ್‌ಆರ್‌ಇ ಖಾತೆಗೆ ಬಂದರೆ ಇಲಾಖೆಯ ಕಿವಿ ನೆಟ್ಟಗಾಗುತ್ತಿತ್ತು. ಅದೇ ಡಾಲರು ಸಿಂಗಪುರದ ಬ್ಯಾಂಕಿನಲ್ಲಿ ಒಂದು ರಾತ್ರಿ ತಂಗಿ ವಾಶಿಗೆ ಬಂದರೆ ಪರಮ ಪವಿತ್ರ. ಸಮುದ್ರ ದಾಟಿದ ಸ್ವಾಮಿಗಳು ಕೃಷ್ಣನನ್ನು ಮುಟ್ಟಬಹುದೇ ಎಂದು ಪುತ್ತಿಗೆ ಮಠಕ್ಕೆ ಪೂಜೆಯ ಸರದಿ ಬಂದ 2008ರ ಪರ್ಯಾಯದ ಹೊತ್ತಿಗೆ ಉಡುಪಿಯಲ್ಲಿ ಜಗಳವಾಡಿದವರು ನಾವು. ತೆರಿಗೆ ಇಲಾಖೆಯ ಶಾಸ್ತ್ರ ತಿರುವುಮುರುವು: ಅಲ್ಲಿ ಸಮುದ್ರ ದಾಟದ ದುಡ್ಡಿಗೇ ಮೈಲಿಗೆ.

ಹಡಗಿನವರ ಗೋಳು ಕೇಳಿ ಕೊನೆಗೆ 2017ರ ಏಪ್ರಿಲ್ 11ರಂದು ನೇರ ತೆರಿಗೆಗಳ ಮಂಡಳಿ 13ನೇ ಸುತ್ತೋಲೆ ಹೊರಡಿಸಿತು. ಅನಿವಾಸಿ ನಾವಿಕನ ಸಂಬಳ ಭಾರತದ ಎನ್‌ಆರ್‌ಇ ಖಾತೆಗೆ ಜಮೆಯಾದ ಮಾತ್ರಕ್ಕೆ ಅದು ಇಲ್ಲಿನ ಆದಾಯವಾಗುವುದಿಲ್ಲ ಎಂದಿತು. ಸಂತೋಷ. ಆದರೆ ಸುತ್ತೋಲೆಯಲ್ಲಿರುವ ಹೆಸರು ನಾವಿಕನದು ಮಾತ್ರ. ಒಮಾನಿನ ವೆಲ್ಡರ್, ಕತಾರಿನ ಕ್ರೇನ್ ಆಪರೇಟರ್ ನೆಲದ ಮೇಲೆ ಬೆವರು ಸುರಿಸಿದ ತಪ್ಪಿಗೆ, ಥಾಣೆಯ ಸಿಎ ಅವರಿಗೆ ಹೇಳುವ ಮಂತ್ರ ಇಂದಿಗೂ ಅದೇ: ‘ಮೊದಲು ಅಲ್ಲೇ ಒಂದು ಖಾತೆ ಮಾಡ್ರೀ.’

ಮನೆಯೊಳಗಿನ ಶಾಸ್ತ್ರ ಇನ್ನೂ ಚೆಂದ. ಎನ್‌ಆರ್‌ಇ ಖಾತೆಯಲ್ಲಿ ಊರಿನಲ್ಲಿರುವ ತಾಯಿಯ ಹೆಸರು ಸೇರಿಸಬಹುದು. ಆದರೆ ‘ಫಾರ್ಮರ್ ಆರ್ ಸರ್ವೈವರ್’ ಎಂಬ ಷರತ್ತಿನ ಮೇಲೆ. ಅಂದರೆ ಮಗ ಬದುಕಿರುವ ತನಕ ತಾಯಿ ಹೆಸರಿಗೆ ಮಾತ್ರ. ದುಡ್ಡು ತೆಗೆಯಬೇಕೆಂದರೆ ಹೆತ್ತ ಮಗನಿಂದಲೇ ಪವರ್ ಆಫ್ ಅಟಾರ್ನಿ ತರಬೇಕು. ಹೊರದೇಶಕ್ಕೆ ಹೋದವನು ಹಳೆಯ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿ ಖಾತೆಯಾಗಿ ಮಾಡಿಸಬೇಕೆಂಬುದು ವಿದೇಶಿ ವಿನಿಮಯ ಕಾಯ್ದೆ ಫೆಮಾದ ನಿಯಮ. ಡೊಂಬಿವಲಿಯ ತಾಯಂದಿರು ಈ ಎಲ್ಲ ಕಾಯಿದೆಯನ್ನೂ ಒಂದೇ ಏಟಿಗೆ ಬಗೆಹರಿಸಿದ್ದಾರೆ: ಹಳೆಯ ಖಾತೆ ಹಾಗೇ ಇದೆ, ಎಟಿಎಂ ಕಾರ್ಡು ಅಕ್ಕಿ ಡಬ್ಬಿಯಲ್ಲಿದೆ, ಪಿನ್ನು ನೆರೆಮನೆಯವರಿಗೂ ಗೊತ್ತು.

ಈಗ ಕೊಲ್ಲಿಯ ಕಡೆ ನೋಡಿ. ಯುಎಇಯಲ್ಲಿ 2009ರಿಂದ ಡಬ್ಲ್ಯೂಪಿಎಸ್ ಎಂಬ ವೇತನ ರಕ್ಷಣಾ ವ್ಯವಸ್ಥೆಯಿದೆ. ಕಂಪನಿ ಸಂಬಳವನ್ನು ಬ್ಯಾಂಕು ಅಥವಾ ಎಕ್ಸ್‌ಚೇಂಜ್ ಮೂಲಕವೇ ಕೊಡಬೇಕು, ಅದರ ಲೆಕ್ಕ ಸರ್ಕಾರಕ್ಕೆ ಹೋಗಬೇಕು, ಕೊಡದ ಕಂಪನಿಗೆ ಹೊಸ ವರ್ಕ್ ಪರ್ಮಿಟ್ ನಿಲ್ಲುತ್ತದೆ. ಅಲ್ಲಿ ಎಲ್ಲವೂ ಸ್ವರ್ಗವೆಂದು ಯಾರೂ ಹೇಳುವುದಿಲ್ಲ. ಆದರೂ ಅಲ್ಲಿನ ಸರ್ಕಾರ ಸಂಬಳ ಬಿತ್ತೇ ಎಂದು ಕೇಳುತ್ತದೆ; ನಮ್ಮದು ಎಲ್ಲಿ ಬಿತ್ತು ಎಂದು ಕೇಳುತ್ತದೆ.

ಬೀಳದೇ ಹೋದರೆ? ಎರಡು ತಿಂಗಳು ಸಂಬಳ ಕೊಡದ ಮಾಲೀಕ ನಾವಿಕನನ್ನು ಕೈಬಿಟ್ಟಂತೆಯೇ ಎನ್ನುವ ಕಡಲ ಕಾರ್ಮಿಕ ಒಡಂಬಡಿಕೆಗೆ ಭಾರತ 2015ರಲ್ಲೇ ಸೇರಿದೆ. 2024ರಲ್ಲಿ ಹೀಗೆ ನಡುನೀರಿನಲ್ಲಿ ಉಳಿದವರಲ್ಲಿ ಭಾರತೀಯರೇ ಎಲ್ಲರಿಗಿಂತ ಹೆಚ್ಚು ಎಂದು ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಲೆಕ್ಕ ಕೊಟ್ಟಿದೆ. ಇವರ ಸಂಬಳ ಸಿಂಗಪುರದಲ್ಲೂ ಬೀಳಲಿಲ್ಲ, ವಾಶಿಯಲ್ಲೂ ಬೀಳಲಿಲ್ಲ. ಆದ್ದರಿಂದ 5ನೇ ಕಲಮಿಗೆ ಅವರ ಬಗ್ಗೆ ಯಾವ ಆಕ್ಷೇಪವೂ ಇಲ್ಲ.

ಮಗನನ್ನು ಹಡಗು ಹತ್ತಿಸಲು ಬೇಲಾಪುರದ ಯಾವುದೋ ಮಹಡಿಯ ಏಜೆಂಟನಿಗೆ ನೋಟಿನ ಕಟ್ಟು ಕೊಡಲು ಹೊರಟಿರುವ ತಂದೆಯವರೇ, ಕೆಲಸ ಕೊಡಿಸಲು ನಾವಿಕನಿಂದ ಶುಲ್ಕ ಪಡೆಯುವುದೇ ನಿಯಮಕ್ಕೆ ವಿರುದ್ಧ. ಆ ಏಜೆಂಟನಿಗೆ ನಾವಿಕರ ನೇಮಕಾತಿಯ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ ಎಂದು ಡಿಜಿ ಶಿಪ್ಪಿಂಗ್‌ನ ಪಟ್ಟಿಯಲ್ಲಿ ನೋಡಿ. ಸಂಬಳ ಎಲ್ಲಿ ಬೀಳಬೇಕು ಎಂದು ಸಿಎಯನ್ನು ಆಮೇಲೆ ಕೇಳಿದರಾಯಿತು.