ಮೂಲೆಯ ನಾಲ್ಕು

ಸೋಮವಾರ ಬೆಳಿಗ್ಗೆ ನಮ್ಮ ಬಡಾವಣೆಯ ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟುವವರು, ಆಧಾರ್ ತಿದ್ದಿಸುವವರು, ಅಮೆರಿಕದ ಮಗನಿಗೆ ಚಟ್ನಿಪುಡಿ ಕಳಿಸುವ ತಾಯಂದಿರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಕೈಯಲ್ಲಿ ಏನೂ ಇಲ್ಲದೆ ನಿಂತವನು ನಾನೊಬ್ಬನೇ. ಸರದಿ ಬಂದಾಗ, ಔಷಧಿ ಅಂಗಡಿಯಲ್ಲಿ ಕೇಳಬಾರದ್ದನ್ನು ಕೇಳುವವನ ಹಾಗೆ ದನಿ ತಗ್ಗಿಸಿ ಕೇಳುತ್ತೇನೆ:

“ಮೇಡಂ, ಹೊಸ ಸ್ಟಾಂಪ್ ಏನಾದ್ರೂ ಬಂದಿದೆಯಾ?”

“ಹೊಸದು ಅಂದ್ರೆ?”

“ಅಂದ್ರೆ... ಹೊಸ ಚಿತ್ರದ್ದು.”

“ಐದ್ರೂಪಾಯಿದು ಇದೆ. ಚಿತ್ರ ಹಳೇದಾದ್ರೂ ಕಾಗದ ಹೋಗುತ್ತೆ ಸಾರ್.”

ಹಿಂದೆ ಚಟ್ನಿಪುಡಿ ಹಿಡಿದವರು ಕಿಸಕ್ಕೆಂದರು. ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ ನನಗೇ ನೆನಪಿಲ್ಲ ಎಂಬುದನ್ನು ಮೇಡಂಗೆ ಹೇಗೆ ಹೇಳುವುದು? ಬಸ್ಸಿಗೆ ಟಿಕೆಟ್ ಕೊಂಡು, ಬಸ್ಸು ಹತ್ತದೆ, ಆ ಟಿಕೆಟ್ಟನ್ನು ಮನೆಗೆ ತಂದು ಪಾರದರ್ಶಕ ಹಾಳೆಯೊಳಗೆ ಇಟ್ಟು ಭೂತಗನ್ನಡಿಯಲ್ಲಿ ನೋಡುವವನನ್ನು ಊರವರು ಏನೆನ್ನುತ್ತಾರೋ, ನನ್ನ ಹೆಂಡತಿ ನನಗೆ ಅದನ್ನೇ ಅನ್ನುತ್ತಾಳೆ. ಅವಳ ಪ್ರಕಾರ ಅಂಚೆ ಇಲಾಖೆಗೆ ನನ್ನಂಥ ಗಿರಾಕಿ ಇನ್ನೊಬ್ಬ ಸಿಗಲಾರ. ದುಡ್ಡು ಪೂರ್ತಿ ಕೊಡುತ್ತೇನೆ, ಕೆಲಸ ಏನೂ ಹೇಳುವುದಿಲ್ಲ.

ಈ ಹೊಸದು ಹಳೆಯದರ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ಅಂಚೆ ಕಚೇರಿಯಲ್ಲಿ ಸಾಮಾನ್ಯವಾಗಿ ಸಿಗುವುದು ನಿತ್ಯಬಳಕೆಯ ಸ್ಟಾಂಪು. ಅದು ಮನೆಯ ಅನ್ನ ಸಾರಿದ್ದ ಹಾಗೆ, ಖಾಲಿಯಾದಂತೆ ಅದನ್ನೇ ಮತ್ತೆ ಅಚ್ಚು ಹಾಕುತ್ತಾರೆ. ಯಾರದೋ ಶತಮಾನೋತ್ಸವ, ಯಾವುದೋ ಹಕ್ಕಿ, ಯಾವುದೋ ಕೋಟೆ ಎಂದು ಒಂದೇ ಸಲ ಅಚ್ಚಾಗುವ ಸ್ಮರಣಾರ್ಥ ಸ್ಟಾಂಪು ಹಬ್ಬದ ಒಬ್ಬಟ್ಟು. ಈ ಒಬ್ಬಟ್ಟು ದೊಡ್ಡ ಊರುಗಳ ಫಿಲಾಟೆಲಿ ಬ್ಯೂರೋಗಳಿಗೆ ಬರುತ್ತದೆ. ₹200 ಇಟ್ಟು ಡೆಪಾಸಿಟ್ ಖಾತೆ ತೆರೆದರೆ ಮನೆಗೇ ಕಳಿಸುತ್ತಾರೆ, ಸಾಲಿನಲ್ಲಿ ನಿಲ್ಲುವ ತಾಪತ್ರಯವೇ ಇಲ್ಲ.

ನನಗೂ ಖಾತೆ ಇದೆ. ಆದರೂ ಸೋಮವಾರದ ಸಾಲು ಬಿಟ್ಟಿಲ್ಲ. ಮಲೆನಾಡಿನಲ್ಲಿ ಗುಡುಗಿಗೆ ಅಣಬೆ ಏಳುತ್ತವೆ. ಸಂತೆಯಲ್ಲಿ ಅಣಬೆ ಸಿಕ್ಕರೂ ಹುತ್ತದ ಪಕ್ಕ ತಾನೇ ಕಂಡು ಕಿತ್ತ ಅಣಬೆಯ ಸಾರೇ ಬೇರೆ. ಕಂಡವರು ಜಾಗವನ್ನು ಸ್ವಂತ ಭಾವನಿಗೂ ಹೇಳುವುದಿಲ್ಲ. ನಾವು ಸ್ಟಾಂಪಿನವರೂ ಹಾಗೇ. ಯಾವ ಊರಿನ ಸಬ್ ಪೋಸ್ಟ್ ಆಫೀಸಿನ ಪೆಟ್ಟಿಗೆಯಲ್ಲಿ ಎರಡು ವರ್ಷದ ಹಿಂದಿನ ಹಾಳೆ ಖರ್ಚಾಗದೆ ಉಳಿದಿದೆ ಎಂಬುದನ್ನು ಜೀವ ಹೋದರೂ ಬಾಯಿ ಬಿಡುವುದಿಲ್ಲ. ನನ್ನ ಹಳೆಯ ಗೆಳೆಯರೊಬ್ಬರು ಮದುವೆಯ ಆಮಂತ್ರಣ ಬಂದರೆ ಹುಡುಗ ಯಾರು, ಹುಡುಗಿ ಯಾರು ಎಂದು ನೋಡುವವರಲ್ಲ. ಛತ್ರದ ಹತ್ತಿರ ಅಂಚೆ ಕಚೇರಿ ಇದೆಯೇ ಎಂದು ನೋಡುತ್ತಾರೆ.

ಹೊಸದು ಸಿಕ್ಕರೂ ಮುಗಿಯಲಿಲ್ಲ. ನಮಗೆ ಬೇಕಾದದ್ದು ಹಾಳೆಯ ಮೂಲೆಯ ನಾಲ್ಕು, ಅಂಚಿನ ಬಿಳಿ ಕಾಗದದ ಸಮೇತ. ಆ ಅಂಚಿನಲ್ಲಿ ಅಚ್ಚಿನ ಬಣ್ಣಗಳ ಚುಕ್ಕೆಗಳಿದ್ದರೆ ಅದಕ್ಕೆ ಟ್ರಾಫಿಕ್ ಲೈಟ್ ಎನ್ನುತ್ತೇವೆ. ಅದು ಕಂಡರೆ ನಮ್ಮವರು ಸಿಗ್ನಲ್ಲಿನಲ್ಲಿ ನಿಂತಂತೆ ನಿಂತುಬಿಡುತ್ತಾರೆ. “ಮೂಲೆಯದ್ದು ಕೊಡಿ ಮೇಡಂ, ಅಂಚು ಹರಿಯದೆ” ಎಂದಾಗ ಮೇಡಂ ನನ್ನನ್ನು ನೋಡಿದ ನೋಟ ಮರೆಯಲಾರೆ. ಕೇಕ್ ಕತ್ತರಿಸುವಾಗ ಗುಲಾಬಿ ಇರುವ ತುಂಡೇ ಬೇಕೆಂದು ರಚ್ಚೆ ಹಿಡಿದ ಮಗುವನ್ನು ನೋಡುವ ನೋಟ ಅದು. ಆದರೂ ಕೊಟ್ಟರು. ಕೊಡುವಾಗ ಚಿತ್ರ ತೋರಿಸಿ, “ಇವರ್ಯಾರು ಸಾರ್?” ಎಂದು ಕೇಳಿದ್ದೇ ತಪ್ಪಾಯಿತು.

ಕೇಳಿದರೆ ನಾನು ಬಿಡುವವನೇ? ಸ್ಟಾಂಪಿನ ಮೇಲೆ ಬರಬೇಕಾದರೆ ಸಾಮಾನ್ಯವಾಗಿ ಮೊದಲು ಮನುಷ್ಯ ತೀರಿಕೊಂಡಿರಬೇಕು ಎಂದು ಆರಂಭಿಸಿದೆ. ಬದುಕಿರುವಾಗಲೇ ಬಂದವರು ತೀರ ಕಡಿಮೆ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ನೂರು ತುಂಬಿದ ದಿನ, 1960ರ ಸೆಪ್ಟೆಂಬರ್ 15ರಂದು, 15 ನಯಾಪೈಸೆಯ ಸ್ಟಾಂಪು ಬಂತು, ಅವರು ಇನ್ನೂ ಇದ್ದರು ಎಂದೆ. ಅಲ್ಲಿಗೂ ನಿಲ್ಲದೆ ಗಾಂಧೀಜಿಗೆ ಹೋದೆ. 1948ರ ಆಗಸ್ಟ್ 15ರಂದು ಅವರ ಸ್ಟಾಂಪುಗಳು ಬಂದವು, ಸ್ವದೇಶಿಗಾಗಿ ಜನ್ಮ ಸವೆಸಿದವರ ಚಿತ್ರ ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ, ಅದರಲ್ಲಿ ಒಂದರ ಬೆಲೆ ಹತ್ತು ರೂಪಾಯಿ. ಮೂರು ಪೈಸೆಯ ಕಾರ್ಡಿನಲ್ಲೇ ಕೆಲಸ ಮುಗಿಸುತ್ತಿದ್ದ ಮುದುಕ ಅದನ್ನು ನೋಡಿದ್ದರೆ... ಅಷ್ಟರಲ್ಲಿ ಆಧಾರ್‌ನವರು, “ಸ್ವಾಮಿ, ನನ್ನ ಹುಟ್ಟಿದ ದಿನಾಂಕ ತಿದ್ದಿಸೋಕೆ ಬಂದಿದ್ದೀನಿ, ಇಲ್ಲೇ ಇನ್ನೊಂದು ವರ್ಷ ಏರ್ಬಿಡುತ್ತೆ” ಎಂದರು. ಪಾಠ ಮುಗಿಯಿತು.

2006ರ ಡಿಸೆಂಬರಿನಲ್ಲಿ ಶ್ರೀಗಂಧದ ಸ್ಟಾಂಪು ಬಂದಾಗ ಪಟ್ಟ ಪಾಡು ಇದಕ್ಕಿಂತ ಹೆಚ್ಚು. ದೇಶದ ಮೊದಲ ಪರಿಮಳದ ಸ್ಟಾಂಪು ಅದು, ಬೆಲೆ ₹15. ಗಂಧದ ನಾಡಿನವನಾಗಿ ಪರೀಕ್ಷಿಸದೆ ಕೊಳ್ಳುವುದುಂಟೇ? ಕೌಂಟರಿನ ಮುಂದೆಯೇ ಹಾಳೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಚೀಲಕ್ಕೆ ಅರಗು ಹಾಕುತ್ತಿದ್ದ ಹಿರಿಯ ನೌಕರರು ಕನಿಕರದಿಂದ ಹೇಳಿದರು: “ಸ್ಟಾಂಪನ್ನ ನೆಕ್ತಾರೆ ಸಾರ್. ಯಾರೂ ಮೂಸಲ್ಲ.” ಮುಂದೆ ಗುಲಾಬಿ ಬಂತು, ಮಲ್ಲಿಗೆ ಬಂತು, 2017ರಲ್ಲಿ ₹100ರ ಕಾಫಿಯೂ ಬಂತು. ನನ್ನ ಆಲ್ಬಮ್ಮಿನ ಆ ಪುಟ ತೆರೆದರೆ ಈಗ ನಾಲ್ಕೂ ಸೇರಿ ಒಂದೇ ವಾಸನೆ, ನುಸಿಗುಳಿಗೆಯದು.

ಆದರೆ ನನ್ನ ದೊಡ್ಡ ಶಿಕಾರಿ ನಡೆದದ್ದು ಹೋಬಳಿ ಊರೊಂದಕ್ಕೆ ಮದುವೆಗೆ ಹೋದಾಗ. ಊಟದ ಮೊದಲ ಪಂಕ್ತಿ ತಪ್ಪಿಸಿಕೊಂಡು ಛತ್ರದಿಂದ ನುಸುಳಿದ್ದೆ. ಬರಿಗೈಯಲ್ಲಿ ಹೋದರೆ ಅನುಮಾನ ಪಡುತ್ತಾರೆಂದು ನನ್ನದೇ ಮನೆ ವಿಳಾಸ ಬರೆದ ಲಕೋಟೆಯೊಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ವೇಷ ಇಲ್ಲದೆ ಶಿಕಾರಿ ಆದೀತೇ? ಅಂಚೆ ಕಚೇರಿಯಲ್ಲಿದ್ದ ಅಮ್ಮ ಕಬ್ಬಿಣದ ಪೆಟ್ಟಿಗೆ ತೆಗೆದು, ಖಾತೆ ಪುಸ್ತಕದ ನಡುವಿನಿಂದ ಒಂದು ಹಾಳೆ ಎಳೆದರು. ಹಕ್ಕಿಗಳು! ನಾಲ್ಕೈದು ವರ್ಷದ ಹಿಂದಿನವು, ಮೂಲೆ ಸಮೇತ, ಟ್ರಾಫಿಕ್ ಲೈಟ್ ಸಮೇತ. “ಇದನ್ನ ಯಾರೂ ಕೇಳೋದೇ ಇಲ್ಲಪ್ಪ, ದೊಡ್ಡದಾಗಿದೆ, ಲಕೋಟೆ ಮೇಲೆ ಜಾಗ ಸಾಲಲ್ಲ ಅಂತಾರೆ” ಎಂದರು. ನನ್ನ ಗಂಟಲು ಒಣಗಿತ್ತು. ನಾಲ್ಕು ಕೊಡಿ ಎಂದು ದುಡ್ಡು ಇಟ್ಟು ಚಿಲ್ಲರೆಗೆ ಜೇಬು ತಡಕಿ ತಲೆ ಎತ್ತುತ್ತೇನೆ, ಅಮ್ಮ ಅಂಚಿನ ಬಿಳಿ ಕಾಗದವನ್ನು ಅಚ್ಚುಕಟ್ಟಾಗಿ ಹರಿದು ಬುಟ್ಟಿಗೆ ಹಾಕಿದ್ದಾರೆ, ನಾಲ್ಕೂ ಹಕ್ಕಿಗಳಿಗೆ ಗೋಂದು ಸವರಿ ನನ್ನ ಲಕೋಟೆಗೆ ಒತ್ತುತ್ತಿದ್ದಾರೆ. “ವಯಸ್ಸಾದೋರು, ಬಿಸಿಲಲ್ಲಿ ಬಂದಿದ್ದೀರಿ. ನಾನೇ ಹಚ್ಚಿಕೊಡ್ತೀನಿ ಬಿಡಿ.” ಬಾಯಿ ತೆರೆಯುವುದರೊಳಗೆ ಮೊಹರು ಧಬ್, ಧಬ್, ಧಬ್, ಧಬ್ ಎಂದು ಬಿತ್ತು. ಒಂದೊಂದು ಹಕ್ಕಿಯ ನೆತ್ತಿಗೂ ಒಂದೊಂದು. ನಾನು ಥ್ಯಾಂಕ್ಸ್ ಹೇಳಿದೆ. ಇನ್ನೇನು ಹೇಳಲಿ?

ಮೂರನೇ ದಿನ ಪೋಸ್ಟ್‌ಮನ್ನು ಮನೆಗೆ ತಂದುಕೊಟ್ಟ. ಒಳಗೆ ಏನೂ ಇಲ್ಲದ ಲಕೋಟೆ. ಹೆಂಡತಿ ಬೆಳಕಿಗೆ ಹಿಡಿದು ನೋಡಿ, “ನಿಮಗೆ ನೀವೇ ಬರ್ಕೊಂಡಿದ್ದೂ ಅಲ್ದೆ ಏನೂ ಬರ್ದಿಲ್ವಲ್ರೀ” ಎಂದಳು. ಮದುವೆಗಳಲ್ಲಿ ಅಂಚೆ ಕಚೇರಿ ಹುಡುಕುವ ಆ ಗೆಳೆಯರು ಮಾತ್ರ ಲಕೋಟೆಯನ್ನು ಚಿಮಟದಲ್ಲಿ ಹಿಡಿದು, ಹೋಬಳಿ ಊರಿನ ಮೊಹರು ಇಷ್ಟು ಸ್ಪಷ್ಟವಾಗಿ ಬಿದ್ದದ್ದನ್ನು ತಾವು ನೋಡಿಲ್ಲವೆಂದು ಕೊಂಡಾಡಿ, ಊರು ಯಾವುದೆಂದು ಓದಿಕೊಂಡುಬಿಟ್ಟರು. ನನ್ನ ಹುತ್ತದ ಜಾಗ ಹೋಯಿತು.

ಅಂಚೆಗೆ ಸ್ಟಾಂಪು ಬೇಕೇ ಬೇಕೆಂದೇನಿಲ್ಲ, ನಿಜ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆ ಆರಂಭಿಸಿದ್ದು 1672ರಲ್ಲಿ, ಜಗತ್ತಿನ ಮೊದಲ ಅಂಟುವ ಅಂಚೆಚೀಟಿ ಬಂದದ್ದು 1840ರಲ್ಲಿ. ಈಗಲೂ ಕೌಂಟರಿನಲ್ಲಿ ತೂಕ ಹಾಕಿದರೆ ಯಂತ್ರ ಬಾರ್‌ಕೋಡಿನ ಚೀಟಿ ಉಗುಳುತ್ತದೆ, ಅದರ ಮೇಲೆ ಹಕ್ಕಿಯೂ ಇಲ್ಲ, ಕೋಟೆಯೂ ಇಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟೂ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು.

ಆದ್ದರಿಂದ ನಿಮ್ಮಲ್ಲೊಂದು ಕೋರಿಕೆ. ನಿಮ್ಮೂರ ಅಂಚೆ ಕಚೇರಿಗೆ ಹೋದಾಗ ಒಂದೇ ಒಂದು ಸಲ ಹೊಸದು ಬಂದಿದೆಯಾ ಎಂದು ಕೇಳಿ. ಬಂದಿದ್ದರೆ ನಿಮಗೆ ಬೇಕಾದಷ್ಟು ಹಾಳೆಯ ನಡುವಿನಿಂದ ತೆಗೆದುಕೊಳ್ಳಿ. ಮೂಲೆಯ ನಾಲ್ಕು ನನಗಿರಲಿ, ಸೋಮವಾರ ಬರುತ್ತೇನೆ.