ಬೆನ್ನುಡಿ ಪಂಗಡದವರ ಚಿತ್ರಯಾತ್ರೆ

ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಓದುಗರ ಬಳಗ ಅಂತ ಒಂದಿದೆ. ಹನ್ನೊಂದು ಜನ, ತಿಂಗಳಿಗೊಂದು ಪುಸ್ತಕ. ಪೂರ್ತಿ ಓದಿ ಬರುವವರು ಇಬ್ಬರು, ಅರ್ಧ ಓದುವವರು ನಾಲ್ವರು, ಮಿಕ್ಕವರು ಬೆನ್ನುಡಿ ಪಂಗಡ. ಚರ್ಚೆಯಲ್ಲಿ ಗಂಟಲು ದೊಡ್ಡದು ಈ ಮಿಕ್ಕವರದ್ದೇ. ನಾನು ಯಾವ ಪಂಗಡ ಅಂತ ಕೇಳಬೇಡಿ, ಈ ಹರಟೆಯ ಉದ್ದ ನೋಡಿದರೆ ಗೊತ್ತಾಗುತ್ತೆ.

ಲೈಬ್ರರಿ ಮೇಡಂಗೆ ನಮ್ಮ ಬಂಡವಾಳ ತಿಳಿಯದೆ ಇದ್ದೀತೆ? ಹೊಸ ಕಾನೂನು ತಂದರು. ಮೊದಲ ಭಾನುವಾರ ಪುಸ್ತಕದ ಮಾತು, ಮೂರನೇ ಭಾನುವಾರ ಚಿತ್ರ ನೋಡೋದು. “ಚಿತ್ರಕ್ಕೆ ಬೆನ್ನುಡಿ ಇರಲ್ಲ” ಅಂದರು, ನನ್ನನ್ನೇ ನೋಡುತ್ತ. ಪಾಪ, ಚಿತ್ರದ ಪಕ್ಕ ಗೋಡೆಗೆ ಚೀಟಿ ಅಂಟಿಸಿರುತ್ತಾರೆ ಅನ್ನೋದು ಅವರಿಗೆ ಹೊಳೆಯಲಿಲ್ಲ.

ಮೊದಲ ತಿಂಗಳ ಜೋಡಿ ಮಾತ್ರ ಚೆನ್ನಾಗಿ ಕೂಡಿಬಂತು. ಪುಸ್ತಕ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಸೇರಿ ಬರೆದ ಹಿಂದೂ-ಬೌದ್ಧ ಪುರಾಣಕಥೆಗಳು, 1913ರದ್ದು. ಅದರ ಚಿತ್ರಗಳನ್ನು ಬರೆದವರು ಅವನೀಂದ್ರನಾಥ ಠಾಕೂರರು ಮತ್ತು ಅವರ ಶಿಷ್ಯರು. ಆ ಶಿಷ್ಯರಲ್ಲೊಬ್ಬರು ನಮ್ಮ ಕೆ. ವೆಂಕಟಪ್ಪ. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ ಮುಂದೆ, ದಿವಾನ್ ಶೇಷಾದ್ರಿ ಅಯ್ಯರ್ ಪ್ರತಿಮೆ ಹತ್ತಿರ ಸೇರಿ, ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ನಡೆದೇ ಹೋದೆವು. ನಾವು ಓದಿದ ಪುಸ್ತಕದ ಚಿತ್ರಗಾರನ ಮನೆಗೇ ಹೋದ ಹಾಗಾಯಿತು. ಓದಿದ ಅಂದೆನಾ? ಎತ್ತಿಕೊಂಡು ಹೋದ ಪುಸ್ತಕ ಅಂತ ತಿದ್ದಿಕೊಳ್ಳಿ.

ನಮ್ಮಲ್ಲಿ ಒಬ್ಬರು ಬ್ಯಾಂಕ್ ರಾಯರಿದ್ದಾರೆ. ಮ್ಯಾನೇಜರಾಗಿ ರಿಟೈರಾಗಿ ಹತ್ತು ವರ್ಷವಾದರೂ ಕೈ ಬೆನ್ನ ಹಿಂದೆ ಕಟ್ಟಿ ನಡೆಯುವ ಆಡಿಟ್ ಠೀವಿ ಹೋಗಿಲ್ಲ. ಚೀಟಿ ಓದುತ್ತಾರೆ: ಹೆಸರು, ಇಸವಿ, ಜಲವರ್ಣ. ತಲೆ ಎತ್ತಿ ಚಿತ್ರವನ್ನೊಮ್ಮೆ ನೋಡುತ್ತಾರೆ. ಲೆಕ್ಕ ತಾಳೆಯಾಯಿತು, ಮುಂದಿನದು. ಹನ್ನೆರಡು ನಿಮಿಷಕ್ಕೆ ಇಡೀ ಮಹಡಿ ಮುಗಿಸಿ ಬಾಗಿಲ ಹತ್ತಿರ ನಿಂತರು: “ಆಯ್ತಲ್ಲ, ಕಾಫಿ?”

ಕಾಫಿ ಎಲ್ಲಿಂದ ಬರಬೇಕು? ಊಟಿಯ ಜಲವರ್ಣಗಳ ಮುಂದೆ ನಮ್ಮ ಟೀಚರಮ್ಮ ಬೇರುಬಿಟ್ಟಿದ್ದರು. ಮೊದಲು ಜಗಳ: “ಮದುವೆಯಾದ ಹೊಸದರಲ್ಲಿ ನಾವು ಹೋದಾಗ ಮಂಜು ಇಷ್ಟಿರಲಿಲ್ಲ.” ಆಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ ತಮ್ಮಷ್ಟಕ್ಕೆ, “ಇತ್ತು ಇತ್ತು, ಛತ್ರಿ ಬಿಟ್ಟುಬಂದ ದಿನ ಹೀಗೇ ಇತ್ತು.” ಕಾಲು ಗಂಟೆ ಹಂದಲಿಲ್ಲ. ಕಾದಂಬರಿಯಾದರೆ ಇವರು ಮೂರನೇ ಅಧ್ಯಾಯಕ್ಕೇ ತೂಕಡಿಸುತ್ತಾರೆ.

ಮೇಡಂ ಅಷ್ಟರಲ್ಲಿ ವೆಂಕಟಪ್ಪನವರ ಕಥೆ ತೆಗೆದರು. ಚಿತ್ರ ಸಾಲದು ಅಂತ ಗಾರೆಯ ಉಬ್ಬುಶಿಲ್ಪ, ಅದೂ ಸಾಲದು ಅಂತ ವೀಣೆ ಶೇಷಣ್ಣನವರ ಹತ್ತಿರ ವೀಣೆ. ರಾಯರು ಕಿವಿ ನಿಮಿರಿಸಿದರು.

“ಮದುವೆ ಆಗಿತ್ತೇನು ಮೇಡಂ?”

“ಇಲ್ಲ ಸರ್, ಬ್ರಹ್ಮಚಾರಿ.”

“ಹಾಗನ್ನಿ ಮತ್ತೆ!” ಅಂದರು, ಒಂದು ದೊಡ್ಡ ಬಾಕಿ ವಸೂಲಾದವರ ಹಾಗೆ. ರಾಯರ ಪತ್ನಿ ಅವತ್ತು ಬಂದಿರಲಿಲ್ಲ, ಅದೃಷ್ಟ.

ಎರಡನೇ ತಿಂಗಳು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ. 2009ರಿಂದ ಅದು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಮರಗಳ ನೆರಳೇ ಒಂದು ಪ್ರದರ್ಶನ. ಅಲ್ಲಿ ಚೀಟಿಯೇ ರಾಯರಿಗೆ ಕೈಕೊಟ್ಟಿತು. ಒಂದರಲ್ಲಿ ‘ಅನ್‌ಟೈಟಲ್ಡ್’, ಮುಂದಿನದರಲ್ಲೂ ‘ಅನ್‌ಟೈಟಲ್ಡ್’. “ಏನ್ರೀ ಇದು, ಎಲ್ಲಾ ಮಕ್ಕಳಿಗೂ ಒಂದೇ ಹೆಸರಿಟ್ಟ ಹಾಗಿದೆ!” ನನಗೂ ಒಳಗೊಳಗೆ ಕಸಿವಿಸಿ. ಹೆಸರೇ ಹೇಳದಿದ್ದರೆ ನಾವು ತಲೆದೂಗುವುದಾದರೂ ಯಾವುದಕ್ಕೆ? ಮೇಡಂಗೆ ಆಗ ಗುಟ್ಟು ತಿಳಿಯಿತು. ಇನ್ನು ಮೇಲೆ ಎರಡು ನಿಮಿಷ ಚಿತ್ರ ನೋಡದೆ ಯಾರೂ ಚೀಟಿ ಓದುವ ಹಾಗಿಲ್ಲ ಅಂತ ಅಪ್ಪಣೆಯಾಯಿತು.

ಆ ಅಪ್ಪಣೆ ಹೊತ್ತುಕೊಂಡೇ ಮೂರನೇ ತಿಂಗಳು ವ್ಯಾನ್ ಮಾಡಿಕೊಂಡು ಮೈಸೂರಿಗೆ, ಜಗನ್ಮೋಹನ ಅರಮನೆಗೆ ಹೋದೆವು. 1861ರ ಕಟ್ಟಡ, 1915ರಿಂದ ಚಿತ್ರಶಾಲೆ. ಒಳಗೆ ದೀಪ ಹಿಡಿದ ಆ ಹೆಂಗಸು. ನೀವೂ ನೋಡಿರುತ್ತೀರಿ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ, ಬೆರಳ ಸಂದಿನಲ್ಲಿ ಕೆಂಪಗೆ ಬೆಳಕು. ರಾಯರ ಹಾಲ್‌ನಲ್ಲಿ ಅದೇ ಚಿತ್ರ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು ಮೂವತ್ತು ವರ್ಷದಿಂದ ತೂಗುತ್ತಿದೆ. ಇಲ್ಲಿ ಅವರಿಗೆ ಎರಡು ನಿಮಿಷ ಯಾಕೆ ಬೇಕು?

“ಚೀಟಿ ಯಾರಿಗೆ ಬೇಕು ಮೇಡಂ? ರವಿವರ್ಮ!”

ಅಕ್ಕಪಕ್ಕದ ಶಾಲೆ ಮಕ್ಕಳೂ ತಿರುಗಿ ನೋಡಿದರು. ಮೇಡಂ ಏನೂ ಹೇಳದೆ ನಕ್ಕು, ಚೀಟಿಯ ಮುಂದಿನಿಂದ ಪಕ್ಕಕ್ಕೆ ಸರಿದರು. ಹಳದಂಕರ್. ಎಸ್. ಎಲ್. ಹಳದಂಕರ್, ಸಾವಂತವಾಡಿ ಕಡೆಯವರು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ರಾಯರು ಚೀಟಿ ನೋಡಿದರು, ಚಿತ್ರ ನೋಡಿದರು, ಮತ್ತೆ ಚೀಟಿ ನೋಡಿದರು. ಲೆಕ್ಕ ತಾಳೆಯಾಗಲಿಲ್ಲ. ಅವತ್ತು ಕಾಫಿಗೆ ಅವರನ್ನು ನಾವೇ ಕರೆಯಬೇಕಾಯಿತು.

ವಾಪಸ್ ಬರುವಾಗ ಮದ್ದೂರು ವಡೆಯನ್ನೂ ಬೇಡ ಅಂದರು. “ಮನೆಗೆ ಬಂದವರಿಗೆಲ್ಲ ರವಿವರ್ಮ ಅಂತ ಹೇಳಿದ್ದೀನಲ್ರೀ. ಬೀಗರಿಗೂ ಹೇಳಿದ್ದೀನಿ!” ಪೆನ್ನು ತೆಗೆದು, ಯಾರ್‍ಯಾರಿಗೆ ಫೋನ್ ಮಾಡಿ ತಿದ್ದಬೇಕು ಅಂತ ಪಟ್ಟಿ ಶುರುಮಾಡಿದರು. ರಾಮನಗರ ಬರುವಷ್ಟರಲ್ಲಿ ಹಾಳೆಯ ಎರಡೂ ಮಗ್ಗುಲು ತುಂಬಿತ್ತು.

ಆ ತಿಂಗಳ ಪುಸ್ತಕವೇ? ಬರೆಯುವಾಗ ಹಾಳೆ ಅಲ್ಲಾಡದಿರಲಿ ಅಂತ ರಾಯರು ತೊಡೆಯ ಮೇಲೆ ಇಟ್ಟುಕೊಂಡಿದ್ದು ಅದನ್ನೇ.