ತಕ್ಕಡಿ ಅಟ್ಟ ಸೇರಿತು

ತಮಿಳುನಾಡಿನ ಹೊಸೂರು ಬಳಿಯ ಸೂಳಗಿರಿ ಸುತ್ತ ಕೊತ್ತಂಬರಿ ಸೊಪ್ಪು ಕಟ್ಟಿನ ಲೆಕ್ಕದಲ್ಲಿ ಹೋಗುತ್ತದೆ, ಭೂಮಿ ಎಕರೆ ಲೆಕ್ಕದಲ್ಲಿ. ತೂಗುವ ಗೋಜು ಯಾರಿಗೂ ಬೇಡ. ಸರ್ಕಾರಕ್ಕಂತೂ ಖಂಡಿತ ಬೇಡ.

ದೆಹಲಿಯವರು 2013ರಲ್ಲಿ ಒಂದು ತಕ್ಕಡಿ ಕಳಿಸಿದ್ದರು. ಭೂಸ್ವಾಧೀನ ಕಾಯ್ದೆ ಅಂತ ಹೆಸರು. ಭೂಮಿ ಕೇಳುವ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಅದೂ ಆರು ತಿಂಗಳೊಳಗೆ. ಗ್ರಾಮ ಪಂಚಾಯಿತಿಯನ್ನು ಕೇಳಬೇಕು. ಸರ್ಕಾರಿ ನೌಕರರಲ್ಲದ ಇಬ್ಬರು ಸಮಾಜ ವಿಜ್ಞಾನಿಗಳೂ ಇರುವ ತಜ್ಞರ ತಂಡ ಅದನ್ನು ಓದಿ, ‘ಲಾಭಕ್ಕಿಂತ ನಷ್ಟವೇ ಹೆಚ್ಚು, ಕೈಬಿಡಿ’ ಅಂತಲೂ ಹೇಳಬಹುದು. ನೀರಾವರಿಯ, ಎರಡು ಮೂರು ಬೆಳೆ ಕೊಡುವ ನೆಲವನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಮುಟ್ಟಬೇಕು. ಎಂಥ ಅಪಾಯದ ವಸ್ತು ನೋಡಿ! ಚೆನ್ನೈ ಅದನ್ನು ಅಟ್ಟಕ್ಕೇರಿಸಿತು. ಕೈಗಾರಿಕೆಗೆ ಭೂಮಿ ಪಡೆಯುವ ತನ್ನ 1997ರ ಕಾಯ್ದೆಗೆ ಇದ್ಯಾವುದೂ ತಾಗದು ಎಂದು ತಿದ್ದುಪಡಿ ತಂದಿತು. 2019ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಹೊಡೆದುಹಾಕಿದರೆ, ಅದೇ ವರ್ಷ ಹೊಸ ಕಾಯ್ದೆ ಮಾಡಿ 2013ರಿಂದಲೇ ಜಾರಿ ಎಂದಿತು. 2021ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಅಟ್ಟಕ್ಕೇರಿಸಿದ್ದು ಅಣ್ಣಾ ಡಿಎಂಕೆ. ಆಮೇಲೆ ಬಂದ ಡಿಎಂಕೆಗೆ ಏಣಿಯ ನೆನಪೇ ಆಗಲಿಲ್ಲ.

ಹೀಗಾಗಿ ಸೂಳಗಿರಿ ತಾಲ್ಲೂಕಿನ ಉದ್ದನಪಲ್ಲಿ, ಅಯರ್ನಪಲ್ಲಿ, ನಾಗಮಂಗಲಗಳಲ್ಲಿ ರಾಜ್ಯದ ಕೈಗಾರಿಕಾ ಉತ್ತೇಜನ ನಿಗಮ ಸಿಪ್‌ಕಾಟ್‌ಗೆ ಮೂರು ಸಾವಿರ ಎಕರೆಗೂ ಮಿಕ್ಕಿ ಜಮೀನು ಬೇಕೆಂದಾಗ ರೈತರಿಗೆ ಉಳಿದದ್ದು ಧರಣಿ. 2023ರಲ್ಲಿ ತಿಂಗಳುಗಟ್ಟಲೆ ಕೂತರು. ಬೆಳೆಯುವ ನೆಲವನ್ನು ಕಡತದಲ್ಲಿ ಬೀಳು ಎಂದು ತೋರಿಸಿದ್ದಾರೆ ಎಂಬುದು ಅವರ ದೂರು. ಅದು ನಿಜವಾದರೆ ದಂಡದ ಕೆಲಸ. ನೀರಾವರಿ ನೆಲ ಮುಟ್ಟಬಾರದೆಂಬ ಕಲಮೇ ಇಲ್ಲಿ ಅನ್ವಯಿಸದ ಮೇಲೆ ಹಸಿರನ್ನು ಬೀಳು ಮಾಡಲು ಶಾಯಿ ಯಾಕೆ ಖರ್ಚು? ಅಭ್ಯಾಸಬಲ ಇರಬೇಕು.

ಪರಿಹಾರ ಇಲ್ಲವೆಂದಲ್ಲ, ಅದರ ಲೆಕ್ಕ ಮಾತ್ರ 2013ರದೇ. ಪಟ್ಟಾ ಇದ್ದವರಿಗೆ ದುಡ್ಡು ಬರುತ್ತದೆ. ಪಟ್ಟಾ ಇಲ್ಲದೆ ಸೊಪ್ಪು ಕೀಳುವ, ಟೊಮೇಟೊ ಬಿಡಿಸುವ, ಗುಲಾಬಿ ಕೊಯ್ಯುವವರಿಗೆ? ಆ ನೆಲವನ್ನೇ ನಂಬಿ ಮೂರು ವರ್ಷ ದುಡಿದ ಕೂಲಿಯವರನ್ನೂ ಗೇಣಿದಾರರನ್ನೂ ದೆಹಲಿ ಕಾಯ್ದೆ ಬಾಧಿತ ಕುಟುಂಬ ಎಂದೇ ಕರೆಯುತ್ತದೆ. ಅಂಥವರು ಎಷ್ಟು ಮಂದಿ ಎಂದು ಅಂದಾಜು ಮಾಡುವುದು ಆ ಅಧ್ಯಯನದ ಕೆಲಸ. ಅಧ್ಯಯನ ಇಲ್ಲ, ಆದ್ದರಿಂದ ಅವರಿಲ್ಲ. ಅವರಿಲ್ಲ, ಆದ್ದರಿಂದ ಅವರಿಗೆ ತೊಂದರೆಯೂ ಇಲ್ಲ. ಇಷ್ಟು ಅಗ್ಗದ ಬಡತನ ನಿರ್ಮೂಲನೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಕಾರ್ಖಾನೆ ಬೇಡ ಎನ್ನುವ ಧೈರ್ಯ ನನಗಿಲ್ಲ. ಎಪ್ಪತ್ತರ ದಶಕದಿಂದ ಹೊಸೂರು ಸಿಪ್‌ಕಾಟ್‌ನ ಅನ್ನ ಉಂಡಿದೆ. ಇವತ್ತು ಹಳ್ಳಿ ಹುಡುಗಿಯರು ಬಸ್ಸು ಹತ್ತಿ ಐಫೋನಿನ ಭಾಗ ತಯಾರಿಸಲು ಹೋಗುತ್ತಾರೆ. ತೂಗಿದ್ದರೆ ಆ ಸಂಬಳವೂ ಒಂದು ತಟ್ಟೆಯಲ್ಲಿ ಕೂರುತ್ತಿತ್ತು, ಗೆಲ್ಲಲೂಬಹುದಿತ್ತು. ಗೆಲ್ಲುವ ಮಾತಾಡುವವರೇ ತಕ್ಕಡಿ ಕಂಡರೆ ಬೆವರುವುದು ಯಾಕೋ.

ಹಾಗಂತ ಪರಿಣಾಮ ಅಳೆಯುವುದು ನಮ್ಮ ದೇಶಕ್ಕೆ ಬಾರದ ವಿದ್ಯೆಯಲ್ಲ. 2024ರ ಜೂನ್‌ನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಹೊಸೂರಿಗೆ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ವಿಮಾನ ನಿಲ್ದಾಣ ಸಾರಿದರು. ಬೇರಿಗೆ–ಬಾಗಲೂರು ಕಡೆ ಜಾಗದ ಮಾತೂ ಬಂತು. ಮಾತು ಬಂದ ಮೇಲೆ ಬ್ರೋಕರು ಬಾರದಿರುತ್ತಾನೆಯೇ? ಈ ನಿಲ್ದಾಣದಿಂದ ಬಾಧೆಗೊಳಗಾಗುವ ಒಂದು ಕುಟುಂಬವನ್ನು ಮಾತ್ರ ಎಷ್ಟೋ ವರ್ಷ ಮೊದಲೇ ಗುರುತಿಸಿ, ಅಳೆದು, ರಕ್ಷಣೆ ಬರೆದುಕೊಟ್ಟಿದ್ದಾರೆ. ಆ ಕುಟುಂಬದ ವಾಸ ದೇವನಹಳ್ಳಿಯಲ್ಲಿ; ಹೆಸರು ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಮೈಸೂರು, ಹಾಸನ ಬಿಟ್ಟರೆ ಸುತ್ತ 150 ಕಿಲೋಮೀಟರಿನೊಳಗೆ 2033ರವರೆಗೆ ಪೈಪೋಟಿ ಕೂಡದು ಎಂದು ಅದರ ಒಪ್ಪಂದ ಹೇಳುತ್ತದೆ. ದೂರ ಎಷ್ಟು, ಕಾಲ ಎಷ್ಟು, ಎಲ್ಲ ಕರಾರುವಾಕ್ಕು.

ಬೇರಿಗೆಯ ಸೊಪ್ಪಿನ ಕೂಲಿಯವರಿಗೂ ಇಂಥದೊಂದು ಬರೆದುಕೊಡುವ ವಕೀಲರಿದ್ದರೆ ತಿಳಿಸಿ. 150 ಕಿಲೋಮೀಟರ್ ಬೇಡ, ಒಂದೂವರೆ ಸಾಕು.